ಗಾಜಿನ ಹದ ಬಲ್ಲವನು

ಗಾಜು ಒಡೆಯುವ ವಸ್ತು. ಮಗುವಿಗೆ ಗಾಜಿನ ಬಗ್ಗೆ ಮೊದಲು ತಿಳಿಯುವುದು ಇಷ್ಟೇ. ಅಮ್ಮನ ಕೈಬಳೆ, ದೇವರ ಪಟದ ಮುಂದಿನ ಗಾಜು, ನೆಂಟರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವ ಲೋಟಗಳು, ಎಲ್ಲಕ್ಕೂ 'ಮುಟ್ಟಬೇಡ, ಒಡೆದೀತು' ಎಂಬ ಎಚ್ಚರಿಕೆ ಅಂಟಿಕೊಂಡೇ ಇರುತ್ತದೆ. ಆದರೆ ಇದೇ ಗಾಜು ಕುಲುಮೆಯ ಬಾಯಲ್ಲಿ ಜೇನಿನಂತೆ ಇಳಿಯುತ್ತದೆ. ಮನುಷ್ಯನ ಉಸಿರಿಗೆ ಉಬ್ಬುತ್ತದೆ. ತನ್ನ ಭಾರಕ್ಕೆ ತಾನೇ ಜೋತುಬಿದ್ದು ಉದ್ದವಾಗುತ್ತದೆ. ಗಾಜಿನ ಈ ಇನ್ನೊಂದು ಸ್ವಭಾವವನ್ನು ನಂಬಿ ಬದುಕು ಕಟ್ಟಿಕೊಂಡವನು ಅಮೆರಿಕದ ಶಿಲ್ಪಿ ಹಾರ್ವೆ ಲಿಟಲ್‌ಟನ್. ಆತನ ಕಥೆ ಕಲೆಯ ಕಥೆ ಎನ್ನುವಷ್ಟೇ ವಿಜ್ಞಾನದ ಕಥೆ. ಒಬ್ಬ ತಂದೆ ಮತ್ತು ಮಗನ ಕಥೆಯೂ ಹೌದು.

ಮೊದಲು ತಂದೆಯ ವಿಚಾರ. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನಿಂಗ್ ಎಂಬ ಸಣ್ಣ ಊರಿದೆ. ಊರಿಗೆ ಊರೇ ಗಾಜಿನ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದ ಕಾಲ ಅದು. ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದಿದ್ದ ಜೆಸ್ಸಿ ಲಿಟಲ್‌ಟನ್ 1913ರಲ್ಲಿ ಆ ಕಾರ್ಖಾನೆಯ ಸಂಶೋಧನಾಲಯಕ್ಕೆ ಸೇರಿದ. ಬಿಸಿಗೆ ಸುಲಭವಾಗಿ ಸೀಳದ ಒಂದು ಬಗೆಯ ಗಾಜು ಆಗ ಅಲ್ಲಿ ತಯಾರಾಗುತ್ತಿತ್ತು. ರೈಲ್ವೆ ಲಾಂದ್ರಗಳಿಗೆ, ಬ್ಯಾಟರಿಯ ಜಾಡಿಗಳಿಗೆ ಅದರ ಬಳಕೆ. ಈ ಗಾಜಿನಲ್ಲಿ ಅಡುಗೆಯನ್ನೂ ಮಾಡಬಹುದಲ್ಲ ಎಂಬುದು ಜೆಸ್ಸಿಯ ವಾದ. ಅದೇ ವರ್ಷ ಒಂದು ಬ್ಯಾಟರಿ ಜಾಡಿಯ ತಳವನ್ನು ಕತ್ತರಿಸಿ ಮನೆಗೆ ತಂದು ಹೆಂಡತಿ ಬೆಸ್ಸಿಯ ಕೈಗಿತ್ತ. ಆಕೆ ಅದರಲ್ಲಿ ಕೇಕ್ ಬೇಯಿಸಿದಳು. ಜಾಡಿ ಸೀಳಲಿಲ್ಲ, ಕೇಕ್ ಎಲ್ಲ ಕಡೆಯೂ ಸಮನಾಗಿ ಬೆಂದಿತ್ತು. ಮರುದಿನ ಕಾರ್ಖಾನೆಯ ವಿಜ್ಞಾನಿಗಳು ತಿಂದದ್ದು ಒಂದು ಪ್ರಯೋಗದ ಫಲಿತಾಂಶವನ್ನು! ಆ ಗಾಜಿನಲ್ಲಿದ್ದ ಸೀಸವನ್ನು ತೆಗೆದು, ಸೂತ್ರ ತಿದ್ದಿ, 1915ರಲ್ಲಿ ಪೈರೆಕ್ಸ್ ಎಂಬ ಹೆಸರಿನಲ್ಲಿ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಶಾಲೆ ಕಾಲೇಜುಗಳ ಪ್ರಯೋಗಾಲಯದಲ್ಲಿ ಇಂದು ಬಳಸುವ ಬೀಕರು, ಫ್ಲಾಸ್ಕುಗಳು ಇದೇ ಬೊರೊಸಿಲಿಕೇಟ್ ಗಾಜಿನ ವಂಶದವು. ಬಿಸಿಯಾದಾಗ ಈ ಗಾಜು ಹಿಗ್ಗುವುದು ಕಿಟಕಿಯ ಗಾಜಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಹಿಗ್ಗುವುದು ಕಡಿಮೆಯಾದ್ದರಿಂದ ಒಳಗೂ ಹೊರಗೂ ಎಳೆದಾಟ ಕಡಿಮೆ; ಸೀಳುವುದೂ ಕಡಿಮೆ.

ಇಂಥ ಮನೆಯಲ್ಲಿ 1922ರ ಜೂನ್ 14ರಂದು ಹಾರ್ವೆ ಹುಟ್ಟಿದ. ಊಟದ ಹೊತ್ತಿಗೂ ಗಾಜಿನದೇ ಮಾತು ನಡೆಯುತ್ತಿದ್ದ ಮನೆ ಎಂದರೆ ತಪ್ಪಾಗದು. ಆತನಿಗೆ ಹನ್ನೆರಡು ವರ್ಷ ತುಂಬಿದ 1934ರಲ್ಲಿ ಆ ಊರು ಜಗತ್ತಿನ ಕಣ್ಣು ಸೆಳೆಯಿತು. ಕ್ಯಾಲಿಫೋರ್ನಿಯದ ಪಾಲೋಮರ್ ಬೆಟ್ಟದ ದೂರದರ್ಶಕಕ್ಕಾಗಿ 200 ಅಂಗುಲ ಅಗಲದ ಕನ್ನಡಿಯ ಬಿಲ್ಲೆಯನ್ನು ಎರಕ ಹೊಯ್ದದ್ದು ಅಲ್ಲಿಯೇ. ಮಾರ್ಚ್ ತಿಂಗಳಲ್ಲಿ ಹೊಯ್ದ ಮೊದಲ ಬಿಲ್ಲೆ ದೋಷಪೂರಿತವಾಯಿತು. ಡಿಸೆಂಬರಿನಲ್ಲಿ ಎರಡನೆಯದನ್ನು ಹೊಯ್ದರು. ದೊಡ್ಡ ಕೆಲಸದಲ್ಲಿ ಮೊದಲ ಸೋಲು ಲೆಕ್ಕಕ್ಕಿಲ್ಲ ಎಂಬುದು ಆ ಊರಿನ ಮಕ್ಕಳಿಗೆ ಪುಸ್ತಕ ತೆರೆಯದೆಯೇ ಸಿಕ್ಕ ಪಾಠ.

ತಂದೆ ಭೌತವಿಜ್ಞಾನಿ. ಮಗನೂ ಭೌತವಿಜ್ಞಾನಿಯೇ ಆಗಬೇಕೆಂದು ಆತನ ಆಸೆ. ಈ ಆಸೆಗೆ ದೇಶಭೇದವಿಲ್ಲ. ಪಿಯುಸಿಗೆ ಸೇರುವ ಮುನ್ನವೇ ಮಗ ಯಾವ ಕಾಲೇಜಿನಿಂದ ಯಾವ ಪದವಿ ಹಿಡಿದು ಹೊರಬರಬೇಕೆಂದು ಲೆಕ್ಕ ಹಾಕುವ ತಂದೆ ತಾಯಂದಿರಿಗೆ ಜೆಸ್ಸಿ ಲಿಟಲ್‌ಟನ್ ಅಪರಿಚಿತನಲ್ಲ. ಹಾರ್ವೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ತರಗತಿಗೆ ಸೇರಿಕೊಂಡ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಶಿಲ್ಪಕಲೆಯ ತರಗತಿಗೆ ಹೋಗತೊಡಗಿದ. 1941ರಲ್ಲಿ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಲ್ಲಿ ಕೆಲಕಾಲ ಕಲಿತ. ತಂದೆಗೆ ಇದು ರುಚಿಸಲಿಲ್ಲ. ಕೊನೆಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು, ಕೈಗಾರಿಕಾ ವಿನ್ಯಾಸ ಎಂಬ ನಡುದಾರಿಯಲ್ಲಿ ರಾಜಿಯಾದರು. ಕಲೆಯೂ ಉಂಟು, ನೌಕರಿಯೂ ಉಂಟು! ರಜೆಯ ದಿನಗಳಲ್ಲಿ ಕಾರ್ನಿಂಗ್ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ. 1942ರಲ್ಲಿ ಆತ ಜೇಡಿಮಣ್ಣಿನಲ್ಲಿ ಒಂದು ಸ್ತ್ರೀ ಮೂರ್ತಿಯ ಮುಂಡವನ್ನು ಮಾಡಿ, ಅದರ ಅಚ್ಚಿನಿಂದ ಕಾರ್ಖಾನೆಯ ಬಿಳಿಯ ವೈಕಾರ್ ಗಾಜಿನಲ್ಲಿ ಪ್ರತಿಯೊಂದನ್ನು ತೆಗೆದ. ಗಾಜಿನಲ್ಲಿ ಆತನ ಮೊದಲ ಶಿಲ್ಪ ಅದು. ಅಷ್ಟರಲ್ಲಿ ಯುದ್ಧ ಕರೆಯಿತು. ಸೈನ್ಯದ ಸಂಪರ್ಕ ವಿಭಾಗದಲ್ಲಿ ಉತ್ತರ ಆಫ್ರಿಕ, ಯುರೋಪುಗಳಲ್ಲಿ ದುಡಿದು ಮರಳಿದ ಮೇಲೆ 1947ರಲ್ಲಿ ವಿನ್ಯಾಸದ ಪದವಿ ಪೂರೈಸಿದ.

ಇಷ್ಟಾದರೂ ಗಾಜು ಕೈಗೆ ಬರಲಿಲ್ಲ. ಕಾರಣ ಸರಳ. ಗಾಜು ಒಬ್ಬನ ಕೆಲಸವಲ್ಲ ಎಂದು ಆ ಕಾಲದ ಅಮೆರಿಕದಲ್ಲಿ ಎಲ್ಲರೂ ನಂಬಿದ್ದರು. ಅದಕ್ಕೆ ಹಗಲು ರಾತ್ರಿ ಉರಿಯುವ ಕುಲುಮೆ ಬೇಕು, ನುರಿತ ಕೆಲಸಗಾರರ ತಂಡ ಬೇಕು, ಬಂಡವಾಳ ಬೇಕು. ಕಲಾವಿದ ಕಾಗದದ ಮೇಲೆ ಚಿತ್ರ ಬರೆದು ಕೊಡುತ್ತಾನೆ. ಕಾರ್ಖಾನೆಯ ಕೈಗಳು ಅದನ್ನು ಊದುತ್ತವೆ. ಚಿತ್ರ ಬರೆದವನಿಗೆ ಗಾಜಿನ ಬಿಸಿ ತಗಲುವುದೇ ಇಲ್ಲ. ಹಾರ್ವೆ ಅನಿವಾರ್ಯವಾಗಿ ಮಣ್ಣಿನ ಕಡೆ ತಿರುಗಿದ. ಕುಂಬಾರಿಕೆಯಲ್ಲಿ 1951ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದೇ ವರ್ಷ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಬಾರಿಕೆಯ ಅಧ್ಯಾಪಕನಾದ. ಮಡಕೆ ಕುಡಿಕೆಗಳು ಚೆನ್ನಾಗಿಯೇ ಬರುತ್ತಿದ್ದವು. ಆದರೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು: ಕುಂಬಾರ ಒಬ್ಬನೇ ತಿಗರಿಯ ಮುಂದೆ ಕೂತು ಮಡಕೆ ಮಾಡುವಂತೆ, ಕಲಾವಿದ ಒಬ್ಬನೇ ಕುಲುಮೆಯ ಮುಂದೆ ನಿಂತು ಗಾಜು ಊದಲಾರನೇ?

1957ರಲ್ಲಿ ಯುರೋಪಿಗೆ ಹೋದಾಗ ಆತ ಇಟಲಿಯ ಮುರಾನೊ ದ್ವೀಪದ ಗಾಜಿನ ಮನೆಗಳನ್ನು ಒಂದೊಂದಾಗಿ ಸುತ್ತಿದ. ಪ್ರವಾಸಿಗಳಿಗೆ ತೋರಿಸಲೆಂದು ಅಲ್ಲಿ ಇಟ್ಟಿದ್ದ ಪುಟ್ಟ ಕುಲುಮೆಗಳು ಆತನ ಕಣ್ಣಿಗೆ ಬಿದ್ದವು. ಇತರರಿಗೆ ಅದು ಪ್ರದರ್ಶನದ ಆಟಿಕೆ. ಹಾರ್ವೆಗೆ ಅದು ಉತ್ತರ. ಕುಲುಮೆ ಸಣ್ಣದೂ ಆಗಿರಬಹುದು! ಊರಿಗೆ ಮರಳಿ ವೆರೋನಾ ಎಂಬಲ್ಲಿನ ತನ್ನ ಕಾರ್ಯಾಗಾರದಲ್ಲಿ ಗಾಜು ಕರಗಿಸುವ ಪ್ರಯೋಗಕ್ಕೆ ಕೈ ಹಾಕಿದ. 1959ರಲ್ಲಿ ಲೇಕ್ ಜಾರ್ಜ್‌ನಲ್ಲಿ ನಡೆದ ಕುಶಲಕರ್ಮಿಗಳ ಸಮ್ಮೇಳನದಲ್ಲಿ, ಗಾಜು ಕಲಾವಿದನೊಬ್ಬನ ಕೈಗೆ ಎಟುಕುವ ಮಾಧ್ಯಮ ಎಂದು ವಾದಿಸಿದ.

ವಾದವನ್ನು ಸಾಧಿಸಿ ತೋರಿಸುವ ಸಂದರ್ಭ ಬಂದದ್ದು 1962ರ ಮಾರ್ಚಿನಲ್ಲಿ. ಒಹಾಯೊ ರಾಜ್ಯದ ಟೊಲೀಡೊ ಕಲಾ ಸಂಗ್ರಹಾಲಯ ತನ್ನ ಆವರಣದ ಒಂದು ಶೆಡ್ಡನ್ನು ಬಿಟ್ಟುಕೊಟ್ಟಿತು. ಕೆಲವು ಮಂದಿ ಕುಂಬಾರಿಕೆಯ ಕಲಾವಿದರು, ಅಧ್ಯಾಪಕರು ಸೇರಿದರು. ಹಾರ್ವೆ ತಾನೇ ಕಟ್ಟಿದ ಪುಟ್ಟ ಕುಲುಮೆಗೆ ಬೆಂಕಿ ಹಾಕಿದ. ಮೊದಲ ಪ್ರಯತ್ನ ಸೋತಿತು. ಊದುವುದಕ್ಕೆ ಬರುವಂಥ ಗಾಜು ಸಿಗಲಿಲ್ಲ. ಅಲ್ಲಿದ್ದವರು ಮಣ್ಣನ್ನು ಬಲ್ಲವರು. ಗಾಜಿನ ಹದ ಯಾರಿಗೂ ಗೊತ್ತಿರಲಿಲ್ಲ.

ಆಗ ನೆರವಿಗೆ ಬಂದವನು ಡೊಮಿನಿಕ್ ಲಬೀನೊ. ಆತ ಗಾಜಿನ ನಾರು ತಯಾರಿಸುವ ಕಂಪೆನಿಯೊಂದರ ಸಂಶೋಧನಾ ವಿಭಾಗದ ಮುಖ್ಯಸ್ಥ; ಹಲವಾರು ಪೇಟೆಂಟುಗಳ ಒಡೆಯ. ಕುಲುಮೆಯ ರಚನೆಯನ್ನು ಹೀಗೆ ಬದಲಿಸಿ ಎಂದ. ಮರಳು, ಸೋಡ, ಸುಣ್ಣ ಬೆರೆಸಿ ಕರಗಿಸುವ ಗೋಜು ಬಿಟ್ಟು, ತನ್ನ ಕಾರ್ಖಾನೆಯಲ್ಲಿ ನಾರು ತೆಗೆಯಲು ಬಳಸುವ ಗಾಜಿನ ಗೋಲಿಗಳನ್ನೇ ಕರಗಿಸಿ ಎಂದು ಸೂಚಿಸಿದ. ಮಕ್ಕಳು ಆಡುವ ಗೋಲಿಯಂಥ ಗೋಲಿಗಳು! ಅವು ಕರಗಿದವು. ಊದುಗೊಳವೆಯ ತುದಿಗೆ ಗಾಜು ಅಂಟಿತು. ಆದರೆ ಊದುವುದು ಹೇಗೆ? ಸ್ಥಳೀಯ ಗಾಜಿನ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಹಾರ್ವೆ ಲೀಫ್‌ಗ್ರೀನ್ ಎಂಬ ಹಿರಿಯ ಊದುಗಾರ ಅಲ್ಲಿಗೆ ಬಂದಿದ್ದ. ಕೊಳವೆ ಹಿಡಿದು, ತಿರುಗಿಸಿ, ಊದಿ ತೋರಿಸಿದ. ಪಂಡಿತರೆಲ್ಲ ಆ ಕೆಲಸಗಾರನ ಮುಂದೆ ವಿದ್ಯಾರ್ಥಿಗಳಾದರು. ಒಬ್ಬ ಕಲಾವಿದ, ಒಬ್ಬ ವಿಜ್ಞಾನಿ, ಒಬ್ಬ ಕಾರ್ಮಿಕ ಸೇರಿದಾಗ ಹತ್ತು ದಿನಗಳಲ್ಲಿ ಆದ ಕೆಲಸವಿದು. ಮೂವರಲ್ಲಿ ಒಬ್ಬ ಇಲ್ಲದಿದ್ದರೂ ಶೆಡ್ಡಿನಲ್ಲಿ ಬೂದಿಯಷ್ಟೇ ಉಳಿಯುತ್ತಿತ್ತೇನೋ. ಜೂನ್ ತಿಂಗಳಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಎರಡನೆಯ ಶಿಬಿರ ನಡೆಯಿತು. ಜಗತ್ತಿನಲ್ಲಿ ಇಂದು 'ಸ್ಟುಡಿಯೊ ಗಾಜು' ಎಂದು ಕರೆಯಲ್ಪಡುವ ಕಲಾ ಚಳವಳಿ ಹುಟ್ಟಿದ್ದು ಹೀಗೆ.

ಊದುವ ಕ್ರಮವನ್ನು ಇಲ್ಲಿ ತುಸು ವಿವರವಾಗಿ ನೋಡಬಹುದು. ಕುಲುಮೆಯೊಳಗಿನ ತಾಪ ಸುಮಾರು 1100 ಡಿಗ್ರಿ ಸೆಲ್ಸಿಯಸ್. ನಾಲ್ಕೈದು ಅಡಿ ಉದ್ದದ ಉಕ್ಕಿನ ಕೊಳವೆಯ ತುದಿಯನ್ನು ಕರಗಿದ ಗಾಜಿನಲ್ಲಿ ಅದ್ದಿ ತಿರುಗಿಸಿದರೆ, ಕಡ್ಡಿಗೆ ಜೇನು ಸುತ್ತಿಕೊಂಡಂತೆ ಗಾಜು ಸುತ್ತಿಕೊಳ್ಳುತ್ತದೆ. ಹೊರಗೆ ತೆಗೆದ ಕ್ಷಣದಿಂದ ತಿರುಗಿಸುವುದನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗುರುತ್ವ ಅದನ್ನು ಒಂದು ಕಡೆಗೆ ಎಳೆದುಬಿಡುತ್ತದೆ. ನಯವಾದ ಲೋಹದ ಹಾಸಿನ ಮೇಲೆ ಹೊರಳಿಸಿ ಆಕಾರಕ್ಕೆ ತಂದು ಊದಿದರೆ ಒಳಗೊಂದು ಗುಳ್ಳೆ ಮೂಡುತ್ತದೆ. ಗಾಜು ಗಡುಸಾಗುತ್ತಾ ಬಂದಂತೆ ಮತ್ತೆ ಬೆಂಕಿಗೆ ಹಿಡಿಯಬೇಕು, ಮತ್ತೆ ಊದಬೇಕು. ಇಷ್ಟೆಲ್ಲ ಮುಗಿದ ಮೇಲೂ ವಸ್ತುವನ್ನು ಹೊರಗಿಟ್ಟು ಆರಲು ಬಿಟ್ಟರೆ ಅದು ತಾನಾಗಿ ಸೀಳುತ್ತದೆ. ಹೊರಮೈ ಬೇಗ ತಣ್ಣಗಾಗಿ ಕುಗ್ಗುತ್ತದೆ, ಒಳಗು ಇನ್ನೂ ಬಿಸಿ. ಈ ಎಳೆದಾಟ ಗಾಜಿನೊಳಗೇ ಉಳಿದುಬಿಡುತ್ತದೆ. ಆದ್ದರಿಂದ ಸುಮಾರು 500 ಡಿಗ್ರಿಯ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಲೋಟಕ್ಕಾದರೆ ಒಂದು ರಾತ್ರಿ ಸಾಕು. ದಪ್ಪ ಶಿಲ್ಪಕ್ಕೆ ದಿನಗಟ್ಟಲೆ ಬೇಕು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಕುಶಲಿಗಳು ಕಂಡುಕೊಂಡ ಈ ವಿದ್ಯೆಯ ತಿರುಳು ಇಂದಿಗೂ ಬದಲಾಗಿಲ್ಲ.

ಊದಲು ಕಲಿತ ಹಾರ್ವೆ ಮೊದಮೊದಲು ಮಾಡಿದ್ದೂ ಹೂದಾನಿ, ಬಟ್ಟಲುಗಳನ್ನೇ. ಹೂದಾನಿಯಿಂದ ಶಿಲ್ಪಕ್ಕೆ ದಾಟಿದ ಬಗೆ ಸ್ವಾರಸ್ಯವಾಗಿದೆ. ಒಮ್ಮೆ ಸಿಟ್ಟಿನಲ್ಲಿ ಆತ ತನ್ನದೇ ಒಂದು ಗಾಜಿನ ಕೃತಿಯನ್ನು ಒಡೆದುಹಾಕಿದ್ದ. 1963ರಲ್ಲಿ, ನಿರ್ದಿಷ್ಟ ಉದ್ದೇಶವೇನೂ ಇಲ್ಲದೆ, ಆ ಒಡಕನ್ನು ಮತ್ತೆ ಬೆಂಕಿಗೆ ಹಿಡಿದ. ಚೂಪು ಅಂಚುಗಳು ಕರಗಿ ದುಂಡಗಾಗಿ ವಿಚಿತ್ರ ಆಕಾರವೊಂದು ಬಂತು. ಅದು ಹಲವು ವಾರ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ತಳವನ್ನು ಉಜ್ಜಿ ಮಟ್ಟ ಮಾಡಿ ಮನೆಗೆ ತಂದ. ಹೆಂಡತಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಇಷ್ಟು ಬೇಸರ ಹುಟ್ಟಿಸುವ ಶಕ್ತಿ ಇದಕ್ಕೆ ಎಲ್ಲಿಂದ ಬಂತು ಎಂದು ಆತ ಅದನ್ನು ಮತ್ತೆ ಗಮನವಿಟ್ಟು ನೋಡಿದ. ಪ್ರದರ್ಶನವೊಂದಕ್ಕೆ ಕಳಿಸಿದ, ಅಲ್ಲಿಯೂ ತಿರಸ್ಕಾರವಾಯಿತು. ಆತನ ಹಟ ಹೆಚ್ಚಿತು. ನ್ಯೂಯಾರ್ಕಿಗೆ ಒಯ್ದು ಅಲ್ಲಿನ ಆಧುನಿಕ ಕಲೆಯ ಸಂಗ್ರಹಾಲಯದವರಿಗೆ ತೋರಿಸಿದಾಗ ಅವರು ಅದನ್ನು ಕೊಂಡುಕೊಂಡರು! ನೀರು ನಿಲ್ಲದ, ಹೂ ಇಡಲಾಗದ ಗಾಜಿಗೂ ಬೆಲೆಯುಂಟು ಎಂಬುದು ಆಗ ಖಚಿತವಾಯಿತು. ಒಡೆದದ್ದು ಹಾಳಾದದ್ದೇ ಆಗಿರಬೇಕಿಲ್ಲ ಎಂಬುದೂ ಸಹ.

ಮೇಷ್ಟರ ಕೆಲಸವನ್ನು ಹಾರ್ವೆ ಹಗುರವಾಗಿ ಕಾಣಲಿಲ್ಲ. 1962ರ ಕೊನೆಯ ಭಾಗದಲ್ಲಿ ಕೆಲವೇ ವಿದ್ಯಾರ್ಥಿಗಳಿಗೆ ತನ್ನ ಸ್ವಂತ ಕಾರ್ಯಾಗಾರದಲ್ಲಿ ಗಾಜಿನ ಪಾಠ ಶುರುಮಾಡಿದ. ಬೇಗನೆ ಅದು ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಸೇರಿತು. ಕಾರ್ಖಾನೆಗಳು ಶತಮಾನಗಳ ಕಾಲ ಸೂತ್ರಗಳನ್ನು ಮುಚ್ಚಿಟ್ಟುಕೊಂಡಿದ್ದವು. ಮುರಾನೊ ದ್ವೀಪದ ಗಾಜಿನ ಕುಶಲಿಗಳು ಊರು ಬಿಟ್ಟು ಹೋಗದಂತೆ ಒಂದು ಕಾಲದಲ್ಲಿ ವೆನಿಸ್ಸಿನ ಆಡಳಿತ ಕಟ್ಟುಪಾಡು ವಿಧಿಸಿತ್ತು. ಇಲ್ಲಿ ಅದಕ್ಕೆ ತಲೆಕೆಳಗು ಪದ್ಧತಿ. ಯಾರು ಏನನ್ನು ಕಂಡುಕೊಂಡರೂ ಎಲ್ಲರಿಗೂ ಹೇಳುತ್ತಿದ್ದರು. ಫಲವೇನು? ಆತನ ಶಿಷ್ಯ ಮಾರ್ವಿನ್ ಲಿಪೋಫ್‌ಸ್ಕಿ 1964ರಲ್ಲಿ ಬರ್ಕ್ಲಿಯಲ್ಲಿ ಗಾಜಿನ ವಿಭಾಗ ತೆರೆದ. ಇನ್ನೊಬ್ಬ ಶಿಷ್ಯ ಸ್ಯಾಮ್ ಹರ್ಮನ್ ಈ ವಿದ್ಯೆಯನ್ನು ಇಂಗ್ಲೆಂಡಿಗೆ ಒಯ್ದ. ಮತ್ತೊಬ್ಬ ಡೇಲ್ ಚಿಹುಲಿ, 1971ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನ ನಡುವೆ ಪಿಲ್ಚಕ್ ಗಾಜಿನ ಶಾಲೆಯನ್ನು ಕಟ್ಟಿದವರಲ್ಲಿ ಒಬ್ಬ. ಚಿಹುಲಿ 1976ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡ. ಮೂರು ವರ್ಷದ ನಂತರ ಭುಜಕ್ಕೆ ಪೆಟ್ಟು ಬಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರಗಳ ಅಂದಾಜು ಸರಿಯಾಗಿ ಸಿಗದು. ಕುಲುಮೆಯ ಮುಂದೆ ಅದು ಅಪಾಯ. ಆತ ಊದುವುದನ್ನು ಬಿಟ್ಟು, ಚಿತ್ರ ಬರೆದು ತಂಡದಿಂದ ಊದಿಸತೊಡಗಿದ. ಗುರು ಒಬ್ಬನೇ ನಿಂತು ಮಾಡಬಹುದೆಂದು ತೋರಿಸಿದ. ಶಿಷ್ಯ ಮತ್ತೆ ತಂಡಕ್ಕೆ ಮರಳಿ ಗುರುವಿಗಿಂತ ಹೆಚ್ಚು ಪ್ರಸಿದ್ಧನಾದ. ಇಬ್ಬರದೂ ಸರಿಯೇ.

ಈಗ ಮತ್ತೆ ತಂದೆಯ ಕಡೆಗೆ ಬರಬೇಕು. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕೊಂದು ಖಚಿತ ದ್ರವನಬಿಂದುವಿದೆ. ಗಾಜಿಗೆ ಅಂಥ ಬಿಂದುವಿಲ್ಲ. ಅದು ಬಿಸಿಯಾದಂತೆ ಸ್ವಲ್ಪಸ್ವಲ್ಪವಾಗಿ ಮೆದುವಾಗುತ್ತಾ ಹೋಗುತ್ತದೆ. ಬೆಲ್ಲದ ಪಾಕ ಹಿಡಿಯುವ ಗೃಹಿಣಿ ಎರಡು ಬೆರಳ ನಡುವೆ ಪಾಕವನ್ನು ಎಳೆದು ನೋಡಿ ಹದ ಹೇಳುತ್ತಾಳಲ್ಲವೇ? ಒಂದೆಳೆ ಪಾಕವೋ, ಎರಡೆಳೆ ಪಾಕವೋ ಎಂಬುದಕ್ಕೆ ಅವಳ ಬೆರಳೇ ಮಾಪಕ. ಗಾಜನ್ನು ಹಾಗೆ ಮುಟ್ಟಿ ನೋಡುವಂತಿಲ್ಲ. ಹಾಗಾದರೆ ಗಾಜು ಮೆದುವಾಯಿತು ಎಂದು ಹೇಳುವುದು ಯಾವಾಗ? ಇದಕ್ಕೆ ಅಳತೆ ಕೊಟ್ಟವನು ಜೆಸ್ಸಿ ಲಿಟಲ್‌ಟನ್. 1927ರಲ್ಲಿ ಆತ ಪ್ರಕಟಿಸಿದ ವಿಧಾನ ಸರಳವಾಗಿದೆ. ಒಂದು ಮಿಲಿಮೀಟರಿಗಿಂತ ತೆಳುವಾದ, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಗಾಜಿನ ಎಳೆಯನ್ನು ತೂಗುಹಾಕಿ, ಅದರ ಮೇಲ್ಭಾಗವನ್ನು ನಿಧಾನವಾಗಿ ಕಾಯಿಸಬೇಕು. ಎಳೆ ತನ್ನ ಭಾರಕ್ಕೆ ತಾನೇ ನಿಮಿಷಕ್ಕೆ ಒಂದು ಮಿಲಿಮೀಟರಿನಂತೆ ಉದ್ದವಾಗುವ ತಾಪವೇ ಆ ಗಾಜಿನ ಮೃದುಬಿಂದು. ಕಿಟಕಿಯ ಗಾಜಿಗೆ ಅದು ಸುಮಾರು 720 ಡಿಗ್ರಿ. ಪೈರೆಕ್ಸಿಗೆ ಸುಮಾರು 820. ಗಾಜಿನ ವಿಜ್ಞಾನದಲ್ಲಿ ಇಂದಿಗೂ ಇದಕ್ಕೆ ಲಿಟಲ್‌ಟನ್ ಬಿಂದು ಎಂದೇ ಹೆಸರು.

ಮಗನ ಪ್ರಸಿದ್ಧ ಶಿಲ್ಪಗಳು ಬಂದದ್ದು ಬಹಳ ತಡವಾಗಿ. 1977ರಲ್ಲಿ ಅಧ್ಯಾಪಕ ವೃತ್ತಿ ಬಿಟ್ಟು ಉತ್ತರ ಕ್ಯಾರೊಲಿನದ ಸ್ಪ್ರೂಸ್ ಪೈನ್ ಎಂಬ ಗುಡ್ಡಗಾಡಿನ ಊರಿಗೆ ಹೋಗಿ ನೆಲೆಸಿದ ಮೇಲೆ, 1980ರ ದಶಕದಲ್ಲಿ ಆತ ದೊಡ್ಡ ಕಮಾನುಗಳ ಸಾಲನ್ನೇ ಮಾಡಿದ. ಬಣ್ಣದ ಗಾಜಿನ ಮೇಲೆ ತಿಳಿಗಾಜು, ಅದರ ಮೇಲೆ ಮತ್ತೊಂದು ಬಣ್ಣ, ಮತ್ತೆ ತಿಳಿಗಾಜು, ಹೀಗೆ ಪದರದ ಮೇಲೆ ಪದರ. ಈ ದಪ್ಪ ಮುದ್ದೆಯನ್ನು ಕಾಯಿಸಿ ಜೋತುಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಎಳೆದುಕೊಂಡು ಬಾಗುತ್ತದೆ. ಒಳಗಿನ ಬಣ್ಣದ ಗೆರೆಗಳೂ ಜೊತೆಗೇ ಬಾಗುತ್ತವೆ. ತಣಿದ ಮೇಲೆ ತುದಿಗಳನ್ನು ಕತ್ತರಿಸಿ ಹೊಳಪು ಕೊಟ್ಟರೆ, ಕತ್ತರಿಸಿದ ಮುಖದಲ್ಲಿ ಪದರಗಳು ಉಂಗುರ ಉಂಗುರವಾಗಿ ಕಾಣುತ್ತವೆ. ಕೆಲವನ್ನು ಗುಂಪಾಗಿ ನಿಲ್ಲಿಸಿದರೆ, ಕಾರಂಜಿಯ ನೀರು ಮೇಲೆದ್ದು ಬೀಳುವ ಮುನ್ನ ಗಾಳಿಯಲ್ಲೇ ನಿಂತುಬಿಟ್ಟಂತೆ ತೋರುತ್ತದೆ. ಬಾಗಿನ ರೇಖೆ ಎಳೆದದ್ದು ಕಲಾವಿದನ ಕೈಯಷ್ಟೇ ಅಲ್ಲ, ಗುರುತ್ವಬಲ. ಎಷ್ಟು ತಾಪಕ್ಕೆ, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಶಿಲ್ಪಿಯ ಕೆಲಸ.

ಗಾಜು ತನ್ನ ಭಾರಕ್ಕೆ ತಾನೇ ಉದ್ದವಾಗುವುದನ್ನು ತಂದೆ ಅಳೆದ. ಅದೇ ಎಳೆತವನ್ನು ಮಗ ಶಿಲ್ಪವಾಗಿಸಿದ. ಭೌತವಿಜ್ಞಾನ ಬಿಟ್ಟು ಹೋದನೆಂದು ತಂದೆ ನೊಂದುಕೊಂಡಿದ್ದ ಮಗ, ನಲವತ್ತು ವರ್ಷ ಸುತ್ತಿ ಬಂದು ನಿಂತದ್ದು ತಂದೆಯ ಪ್ರಯೋಗದ ಮುಂದೆಯೇ. ತಂದೆಗೆ ಅದು ಕೋಷ್ಟಕದಲ್ಲಿ ಬರೆಯುವ ಒಂದು ಅಂಕಿ. ಮಗನಿಗೆ ಅದು ಕಣ್ಣಿನ ಹದ. ಜೆಸ್ಸಿ 1966ರಲ್ಲಿ ತೀರಿಕೊಂಡ. ಆ ಕಮಾನುಗಳನ್ನು ನೋಡಲು ಆತ ಉಳಿದಿರಲಿಲ್ಲ. ಮಕ್ಕಳ ಫಲಿತಾಂಶವೆಲ್ಲ ತಂದೆ ತಾಯಿಗಳ ಕಣ್ಣೆದುರೇ ಪ್ರಕಟವಾಗುವುದಿಲ್ಲ. ಅಂಕಪಟ್ಟಿಯನ್ನು ಜೂನ್ ತಿಂಗಳಲ್ಲೇ ಕೇಳುವವರು ನೆನಪಿಡಬೇಕಾದ ಮಾತಿದು. ಹಾಗೆಯೇ, ತನಗೆ ಬೇಡವೆನಿಸಿದ ಪಾಠವೆಲ್ಲ ವ್ಯರ್ಥವೆಂದು ತಿಳಿಯುವ ವಿದ್ಯಾರ್ಥಿಯೂ ನೆನಪಿಡಬೇಕು: ಆ ಪುಟ್ಟ ಕುಲುಮೆಯನ್ನು ಉಳಿಸಿದ್ದು ಒಬ್ಬ ವಿಜ್ಞಾನಿಯ ಗೋಲಿಗಳು.

ಗಾಜು ಭಾರವಾದ ವಸ್ತು. ಜೀವಮಾನವಿಡೀ ಅದನ್ನು ಎತ್ತಿ ಇಳಿಸಿದ ಬೆನ್ನು ಸೋತಿತು. 1990ರಲ್ಲಿ ಹಾರ್ವೆ ಬಿಸಿ ಗಾಜಿನ ಕೆಲಸ ನಿಲ್ಲಿಸಿದ. ಆದರೆ ಗಾಜನ್ನು ಬಿಡಲಿಲ್ಲ. ಗಾಜಿನ ಹಲಗೆಯ ಮೇಲೆ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಅಚ್ಚು ತೆಗೆಯುವ ವಿಧಾನವನ್ನು ಆತ ಮೊದಲೇ ಬೆಳೆಸಿದ್ದ. ಮುದ್ರಣಯಂತ್ರದ ಒತ್ತಡಕ್ಕೆ ಗಾಜು ಚೂರಾಗದೇ ಎಂದು ಕೇಳಬಹುದು. ಗಾಜು ಎಳೆತಕ್ಕೆ ಬಹಳ ದುರ್ಬಲ, ಒತ್ತಡಕ್ಕೆ ಬಹಳ ಗಟ್ಟಿ. ಸಮನಾಗಿ ಒತ್ತಿದರೆ ಅದು ತಾಳಿಕೊಳ್ಳುತ್ತದೆ. ಲೋಹದ ಹಲಗೆಯಂತೆ ಸವೆಯುವುದಿಲ್ಲ. ಬಣ್ಣಗಳನ್ನು ಮಂಕಾಗಿಸುವುದೂ ಇಲ್ಲ. ಇಳಿವಯಸ್ಸಿನಲ್ಲಿ ಆತನ ಕೈಹಿಡಿದದ್ದು ಗಾಜಿನ ಈ ಗುಣ. 2013ರ ಡಿಸೆಂಬರ್ 13ರಂದು, 91ನೆಯ ವಯಸ್ಸಿನಲ್ಲಿ, ಸ್ಪ್ರೂಸ್ ಪೈನ್‌ನಲ್ಲಿಯೇ ಆತ ತೀರಿಕೊಂಡ.

ರಸಾಯನ ವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಗಾಜಿನ ಕೊಳವೆಯನ್ನು ಬಗ್ಗಿಸುವ ಒಂದು ಅಭ್ಯಾಸವಿದೆ. ಅದಕ್ಕೆ ಅಂಕಗಳು ಕಡಿಮೆ. ಬಹಳಷ್ಟು ಹುಡುಗರು ಅದನ್ನು ಬೇಗ ಮುಗಿಸಿ ಮುಂದಿನ ಪ್ರಯೋಗಕ್ಕೆ ಓಡುತ್ತಾರೆ. ಓಡಬೇಕಿಲ್ಲ. ಕೊಳವೆಯನ್ನು ಜ್ವಾಲೆಯ ಮೇಲೆ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರೆ, ಜ್ವಾಲೆ ಹಳದಿಗೆ ತಿರುಗುತ್ತದೆ. ಅದು ಗಾಜಿನೊಳಗಿನ ಸೋಡಿಯಂ ತೋರುವ ಬಣ್ಣ. ಆಮೇಲೆ ಒಂದು ಕ್ಷಣದಲ್ಲಿ ಗಡುಸು ಗಾಜು ಬೆರಳುಗಳಿಗೆ ಸಡಿಲವೆನಿಸುತ್ತದೆ; ನಡುಭಾಗ ತಾನಾಗಿಯೇ ಜಗ್ಗತೊಡಗುತ್ತದೆ. ಬಲವಂತ ಮಾಡಿ ಬಗ್ಗಿಸಿದರೆ ಕೊಳವೆ ಚಪ್ಪಟೆಯಾಗುತ್ತದೆ. ಬೇಗ ಬಗ್ಗಿಸಹೊರಟರೆ ಮುರಿಯುತ್ತದೆ. ಹದ ಬರುವವರೆಗೆ ತಿರುಗಿಸುತ್ತಾ ಕಾಯಬೇಕು, ಅಷ್ಟೇ.